ರಸಮಟ್ಟ

ಮಾರ್ಚ್ ೩

ಇದನ್ನು ಬೋರಲಾಗಿ ಮಲಗಿ ಬರೆಯುತ್ತಿದ್ದೇನೆ. ಅಕ್ಷರ ಹೆಬ್ಬೆರಳಿನಷ್ಟು ದಪ್ಪ, ಪುಟಕ್ಕೆ ಆರು ಸಾಲು ಹಿಡಿದರೆ ಹೆಚ್ಚು. ಬಲಗಣ್ಣಿಗೆ ನಿನ್ನೆ ಆಪರೇಷನ್ ಆಯಿತು. ಎಡಗಣ್ಣು ಹುಟ್ಟಾ ಸೋಮಾರಿ; ದಪ್ಪಕ್ಷರ ಬಿಟ್ಟರೆ ಬೇರೇನನ್ನೂ ಓದುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಐವತ್ತೇಳು ವರ್ಷ ಇಬ್ಬರ ಕೆಲಸವನ್ನೂ ಬಲಗಣ್ಣೊಂದೇ ಮಾಡಿಕೊಂಡು ಬಂದಿದೆ. ಈಗ ಅದರ ಹಿಂಬದಿಯ ಪರದೆಯ ನಟ್ಟನಡುವೆ ಒಂದು ತೂತು. ಯಾವ ಪದವನ್ನು ನೋಡುತ್ತೇನೋ ಅದೇ ಮಾಯವಾಗಿ ಅಕ್ಕಪಕ್ಕದವು ಉಳಿಯುತ್ತಿದ್ದವು. ನಿಘಂಟು ಮಾಡಿ ಹೊಟ್ಟೆ ಹೊರೆಯುವವಳಿಗೆ ಬೇರೆ ಶಿಕ್ಷೆ ಬೇಕೆ.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ದನಿಯಲ್ಲಿ ದೊಡ್ಡವರು. ಕಣ್ಣೊಳಗಿನ ಲೋಳೆಯನ್ನು ತೆಗೆದು ಅದರ ಜಾಗಕ್ಕೆ ಗಾಳಿಯ ಗುಳ್ಳೆ ತುಂಬಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏಳುತ್ತದೆ. ಮುಖ ನೆಲಕ್ಕೆ ಹಾಕಿಕೊಂಡಿದ್ದರೆ ಕಣ್ಣಿನ ಹಿಂಬದಿಯೇ ಮೇಲಾಗುತ್ತದೆ, ಗುಳ್ಳೆ ಅಲ್ಲಿಗೆ ಹೋಗಿ ತೂತನ್ನು ಒತ್ತಿ ಹಿಡಿಯುತ್ತದೆ. ಆದ್ದರಿಂದ ಹತ್ತು ದಿನ, ಗಂಟೆಗೆ ಐವತ್ತು ನಿಮಿಷ, ಮುಖ ನೆಲಕ್ಕೆ. ಊಟ, ಮಾತು, ಚಹಾ, ಎಲ್ಲ ಹಾಗೇ. ತೂತು ಮುಚ್ಚಿದರೆ ಓದುತ್ತೇನೆ. ಮುಚ್ಚದಿದ್ದರೆ ಇನ್ನು ಓದುವುದಿಲ್ಲ. ಅವರು ಸುತ್ತಿ ಬಳಸಿ ಹೇಳಿದ್ದನ್ನು ನಾನು ಚುಟುಕಾಗಿ ಬರೆದಿದ್ದೇನೆ.

“ಗಾಳಿ ಕರಗಿದ ಮೇಲೆ ಒಳಗೆ ಏನಿರುತ್ತೆ?” ಎಂದು ಕೇಳಿದೆ.

“ಕಣ್ಣು ತನ್ನ ನೀರು ತಾನೇ ತುಂಬ್ಕೊಳ್ಳುತ್ತೆ ಮೇಡಂ. ಅದಕ್ಕೆ ನಾವು ಹ್ಯೂಮರ್ ಅಂತೀವಿ.”

ತಲೆ ಎತ್ತಿಬಿಡುತ್ತಿದ್ದೆ, ನರ್ಸು ಹಿಡಿದುಕೊಂಡಳು. ನಮ್ಮ ನಿಘಂಟಿನ ಕೊನೆಯ ಸಂಪುಟದಲ್ಲಿ ಬಾಕಿ ಇರುವುದು ಆ ಒಂದೇ ಪದ! ಎರವಲು ಬಂದದ್ದು, ಆದರೂ ಪತ್ರಿಕೆಯವರಿಂದ ಹಿಡಿದು ಭಾಷಣಕಾರರವರೆಗೆ ಎಲ್ಲರ ಬಾಯಲ್ಲೂ ಇರುವಂಥದ್ದು. ಅದರ ಮೊದಲನೆಯ ಅರ್ಥ, ‘ಮೈಯೊಳಗಿನ ದ್ರವ’ ಎಂಬುದರ ಮುಂದೆ ನಾನು ಕತ್ತರಿ ಗುರುತು ಹಾಕಿದ್ದೆ. ಈ ಅರ್ಥ ಸತ್ತಿದೆ, ಬಳಕೆಯಲ್ಲಿಲ್ಲ ಎಂದು ಅದರ ತಾತ್ಪರ್ಯ. ಸತ್ತದ್ದು ನನ್ನ ಕಣ್ಣೊಳಗೇ ಸುಖವಾಗಿ ಬದುಕಿಕೊಂಡಿತ್ತು. ಕತ್ತರಿ ಗುರುತು ತೆಗೆಯಬೇಕು.

ಮಾರ್ಚ್ ೪

ನನ್ನನ್ನು ನೋಡಿಕೊಳ್ಳುತ್ತಿರುವುದು ತಮ್ಮನ ಹೆಂಡತಿ. ಬೇರೆ ಯಾರೂ ಇಲ್ಲ, ಅದಕ್ಕೆ. ತಮ್ಮ ನೆಲಕ್ಕೆ ಟೈಲ್ಸ್ ಹಾಕುವ ಮೇಸ್ತ್ರಿಯಾಗಿದ್ದ. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ಅವನು ಹೋಗಿ ತಿಂಗಳೊಪ್ಪತ್ತಿನಲ್ಲೇ ಇವಳು ಅವನ ಕರಣೆ, ಸುತ್ತಿಗೆ, ನಾಲ್ಕು ಜನ ಆಳು ಎಲ್ಲವನ್ನೂ ವಹಿಸಿಕೊಂಡು ತಾನೇ ಮೇಸ್ತ್ರಿಯಾದಳು. ನಾನೂ ಅವಳನ್ನು ಮೇಸ್ತ್ರಿ ಎಂದೇ ಕರೆಯುತ್ತೇನೆ, ಪ್ರೀತಿಯಿಂದಲ್ಲ.

ಒಂದೇ ಸೂರಿನ ಕೆಳಗಿದ್ದರೂ ಈ ಹದಿನಾಲ್ಕು ತಿಂಗಳಲ್ಲಿ ನಮ್ಮ ನಡುವೆ ನಡೆದ ಮಾತು ‘ನೀರು ಬಂತಾ’, ‘ಬಾಗಿಲು ಹಾಕ್ಕೋ’ ಇಷ್ಟೇ. ಕಾರಣವಿದೆ. ತಮ್ಮ ಸತ್ತ ದಿನ ಅವಳು ನಕ್ಕಳು. ಅವನನ್ನು ಇದೇ ಕೋಣೆಯಲ್ಲಿ ಮಲಗಿಸಿದ್ದರು. ನಾನು ಕಾಲ ದೆಸೆಯಲ್ಲಿ, ಕಿಟಕಿಯ ಹತ್ತಿರ ನಿಂತಿದ್ದೆ. ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು, ಕಿಸಕ್ಕನೆ ನಕ್ಕಳು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮರೆಯುವವಳಲ್ಲ. ಮರೆತಿದ್ದರೆ ನಿಘಂಟಿನ ಕೆಲಸ ಯಾರು ಕೊಡುತ್ತಿದ್ದರು.

ಕೆಲಸ ಬಲ್ಲವಳು, ಅದನ್ನು ಒಪ್ಪಬೇಕು. ಪ್ಲೈವುಡ್ಡಿನ ಚೂರು, ಹಳೆಯ ದಿಂಬಿನ ಸ್ಪಂಜು ಸೇರಿಸಿ ಹಣೆ, ಕೆನ್ನೆ ಊರಲು ಒಂದು ಚೌಕಟ್ಟು ಮಾಡಿ ಮಂಚದ ಅಂಚಿಗೆ ಬಡಿದಿದ್ದಾಳೆ. ಅದರ ತೂತಿನಿಂದ ನನಗೆ ನೆಲ ಕಾಣುತ್ತದೆ, ನೆಲದ ಮೇಲೆ ಈ ಪುಸ್ತಕ. ಬೆಳಿಗ್ಗೆ ತಲೆಯ ಹಿಂಭಾಗದ ಮೇಲೆ ತಣ್ಣಗೆ ಏನೋ ಕೂತಿತು.

“ಏನದು?”

“ರಸಮಟ್ಟ ಅಕ್ಕ. ಅಲ್ಲಾಡ್ಬೇಡಿ. ಗುಳ್ಳೆ ಎಡಕ್ಕೆ ಹೋಗಿದೆ.”

ಅವರು ನೆಲ ಮಟ್ಟವಾಗಿದೆಯೇ ಎಂದು ನೋಡುವ ಪಟ್ಟಿ ಅದು. ಗಾಜಿನ ಕೊಳವೆಯಲ್ಲಿ ಹಸಿರು ನೀರು, ನೀರಿನಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಕೆಲಸ ಸರಿ.

“ನನ್ನ ತಲೆ ಬಚ್ಚಲಮನೆ ನೆಲ ಅಲ್ಲ,” ಎಂದೆ.

“ಅಲ್ಲ ಅಕ್ಕ. ಬಚ್ಚಲಿಗೆ ಇಳಿಜಾರು ಕೊಡ್ಬೇಕು.”

ನಾನು ನಗಲಿಲ್ಲ. ಕತ್ತು ಹಿಡಿದಿತ್ತು, ಸ್ವಲ್ಪ ಅದುರಿತು, ಅಷ್ಟೇ.

ಮಾರ್ಚ್ ೫

ಚೀಟಿಗಳ ಡಬ್ಬವನ್ನು ಕಚೇರಿಯಿಂದ ತರಿಸಿಕೊಂಡೆ. ನಮ್ಮ ಪದ್ಧತಿ ಕಟ್ಟುನಿಟ್ಟು. ಯಾವ ಅರ್ಥವನ್ನೂ ಸ್ವಂತ ತಲೆಯಿಂದ ಬರೆಯುವ ಹಾಗಿಲ್ಲ. ಆ ಅರ್ಥದಲ್ಲಿ ಯಾರೋ ಎಲ್ಲೋ ನಿಜವಾಗಿ ಆಡಿದ ಇಲ್ಲವೇ ಬರೆದ ಮಾತು ಒಂದು ಚೀಟಿಯ ಮೇಲಿರಬೇಕು, ಕೆಳಗೆ ಯಾರು, ಎಲ್ಲಿ, ಯಾವಾಗ ಎಂದಿರಬೇಕು. ಮಾತಿನೊಳಗೆ ಆ ಪದವೇ ಬರಬೇಕೆಂದಿಲ್ಲ. ಅರ್ಥಕ್ಕೆ ಉದಾಹರಣೆಯಾಗಿ ನಿಂತರೂ ಸಾಕು. ಆದರೆ ಚೀಟಿ ಇಲ್ಲದಿದ್ದರೆ ಅರ್ಥವೂ ಇಲ್ಲ. ಸಂಪಾದಕರು ತಾವೇ ವಾಕ್ಯ ಕಟ್ಟಿ ಚೀಟಿ ಬರೆದುಕೊಳ್ಳುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಮೂವತ್ತೊಂದು ವರ್ಷದಲ್ಲಿ ಅಂಥ ಒಂದು ಚೀಟಿಯನ್ನೂ ನಾನು ಬರೆದಿಲ್ಲ.

ಓದಲು ಕಣ್ಣಿಲ್ಲ, ಮೇಸ್ತ್ರಿಯೇ ಓದಬೇಕಾಯಿತು. ಟೈಲ್ ಕೂರಿಸಿ ತಟ್ಟಿದ ಹಾಗೆ ಒಂದೊಂದೇ ಪದ ತಟ್ಟಿ ತಟ್ಟಿ ಓದುತ್ತಾಳೆ. ನಿಧಾನ, ಆದರೆ ಒಂದನ್ನೂ ಬಿಡುವುದಿಲ್ಲ.

ಪದದ ಮೂಲ ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದಕ್ಕೆ ಒದ್ದೆ, ತೇವ ಎಂದಷ್ಟೇ ಅರ್ಥ. ಆಮೇಲೆ ಹಳೆಯ ಕಾಲದ ವೈದ್ಯರು ಅದನ್ನು ಎತ್ತಿಕೊಂಡು ಮೈಯೊಳಗೆ ನಾಲ್ಕು ರಸಗಳಿವೆ ಎಂದರು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ನಾಲ್ಕೂ ಸಮ ಇದ್ದವನು ಆರೋಗ್ಯವಂತ. ಒಂದು ಏರಿದರೆ ಅವನ ಸ್ವಭಾವವೇ ಆ ಕಡೆ ವಾಲುತ್ತದೆ. ಹೀಗೆ ತೇವಕ್ಕೆ ಇದ್ದ ಹೆಸರು ಸ್ವಭಾವಕ್ಕೆ ಅಂಟಿಕೊಂಡಿತು. ನಮ್ಮಲ್ಲೂ ರಸ ಎಂದರೆ ಹಣ್ಣಿನೊಳಗಿರುವುದೂ ಹೌದು, ನಾಟಕ ನೋಡುವಾಗ ಎದೆಯೊಳಗೆ ಏಳುವುದೂ ಹೌದು. ಎಲ್ಲೆಲ್ಲೋ ಕೂತವರು ಒಂದೇ ದಾರಿ ಹಿಡಿದಿದ್ದಾರೆ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಹೇಳುವ ಅಗತ್ಯವಿರಲಿಲ್ಲ.

“ಹಾಗಾದ್ರೆ ಮೈಯೊಳಗೂ ಮಟ್ಟ ನೋಡ್ತಿದ್ರು ಅನ್ನಿ.”

“ಹೂಂ.”

“ನಿಮ್ಮಲ್ಲಿ ಯಾವುದು ಜಾಸ್ತಿ ಅಕ್ಕ?”

“ಕಪ್ಪು ಪಿತ್ತ. ಗಂಭೀರ ಸ್ವಭಾವ, ಓದು ಬರಹ, ಏಕಾಂತ.”

ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. “ಇಲ್ಲಿ ‘ಸಿಡುಕು, ಸಂಶಯ, ಮಲಬದ್ಧತೆ’ ಅಂತಾನೂ ಇದೆ.”

ಚೀಟಿ ಬರೆದವರು ಅಷ್ಟು ವಿವರಕ್ಕೆ ಇಳಿಯಬೇಕಾಗಿರಲಿಲ್ಲ.

ಮಾರ್ಚ್ ೬

ಚಹಾ ಹೀರುಕೊಳವೆಯಲ್ಲಿ. ಐವತ್ತೇಳನೆಯ ವಯಸ್ಸಿನಲ್ಲಿ ಸೊರ್ರ್ ಎಂದು ಸದ್ದು ಮಾಡಿ ಕುಡಿಯುವುದನ್ನು ಕಲಿತೆ. ಪರವಾಗಿಲ್ಲ, ಕಲಿಯಲು ಕಷ್ಟವೇನಿಲ್ಲ.

ಎರಡನೆಯ ಅರ್ಥ ಮುಗಿಯಿತು. ಒಂದೇ ರಸ ಏರಿ ವಿಚಿತ್ರವಾಗಿ ಆಡುವವನನ್ನು ನಾನೂರು ವರ್ಷದ ಹಿಂದೆ ನಾಟಕದವರು ರಂಗಕ್ಕೆ ತಂದರು. ಸದಾ ಸಿಡುಕುವವನು, ಸದಾ ಸಂಶಯ ಪಡುವವನು. ಜನ ಬಿದ್ದು ಬಿದ್ದು ನಕ್ಕರು. ಹಾಗಾಗಿ ಹ್ಯೂಮರಿಸ್ಟ್ ಎಂದರೆ ಮೊದಲು ನಗೆಪಾಟಲಿಗೆ ಈಡಾಗುವವನು. ಆಮೇಲೆ ಅದೇ ಪದಕ್ಕೆ ನಗಿಸುವವನು ಎಂದಾಯಿತು.

“ಅದು ಹೇಗಾಯ್ತು?” ಎಂದಳು ಮೇಸ್ತ್ರಿ. “ಜನ ಯಾರನ್ನ ನೋಡಿ ನಗ್ತಿದ್ರೋ ಅವನೇ ನಗಿಸೋನು ಹೇಗಾದ? ಮಧ್ಯ ಏನೋ ನಡೆದಿರ್ಬೇಕಲ್ಲ?”

“ಚೀಟಿಯಲ್ಲಿಲ್ಲ.”

“ಚೀಟಿಯಲ್ಲಿಲ್ಲದ್ದು ನಡೆಯೋದೇ ಇಲ್ವಾ ಅಕ್ಕ?”

ಪ್ರಶ್ನೆ ದಡ್ಡತನದ್ದಲ್ಲ. ಮುಂದಿನ ಚೀಟಿ ಓದು ಎಂದೆ.

ಮಾರ್ಚ್ ೮

ಮೂರನೆಯ ಅರ್ಥಕ್ಕೆ ಚೀಟಿಯೇ ಇಲ್ಲ. ‘ತನ್ನ ಪಾಡನ್ನು ನೋಡಿ ತಾನೇ ನಗಬಲ್ಲ ಗುಣ, ಕಷ್ಟದಲ್ಲೂ ಬತ್ತದ ತಿಳಿಮನಸ್ಸು.’ ಇವತ್ತು ಎಲ್ಲಕ್ಕಿಂತ ಜೀವಂತವಾಗಿರುವ ಅರ್ಥ ಇದೇ. ಡಬ್ಬದಲ್ಲಿ ಎರಡು ಚೀಟಿಗಳಿವೆ, ಎರಡೂ ಬೇರೆ ಭಾಷೆಯಿಂದ ಅನುವಾದವಾದ ವಾಕ್ಯಗಳು. ನಡೆಯುವುದಿಲ್ಲ. ನಮ್ಮವರ ಬಾಯಿಂದಲೇ ಬಂದದ್ದು ಬೇಕು.

ಪ್ರಧಾನ ಸಂಪಾದಕರು ಫೋನ್ ಮಾಡಿದ್ದರು. ಮೂರನೆಯ ಅರ್ಥ ಬಿಟ್ಟು ಪದ ಮುಗಿಸಿ, ಅಚ್ಚಿಗೆ ಕಳಿಸೋಣ ಎಂದರು. ನಾನು ಬಿಡುವುದಿಲ್ಲ ಎಂದೆ. ನಾಳೆ ಮನೆಗೇ ಬರುತ್ತಾರಂತೆ. ಬರಲಿ.

ಮಾರ್ಚ್ ೯

ಗೆದ್ದೆ. ಏಪ್ರಿಲ್ ಐದರವರೆಗೆ ಸಮಯ ಸಿಕ್ಕಿದೆ. ಕರಡಿನಲ್ಲಿ ಅವರು ಮೂರನೆಯ ಅರ್ಥವನ್ನು ಹೊಡೆದು ಹಾಕಿದ್ದರು. ನಾನು ಕೆಂಪು ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ಸಾಲಾಗಿ ಚುಕ್ಕೆ ಇಟ್ಟೆ. ಕರಡು ತಿದ್ದುವವರ ನಡುವೆ ಚುಕ್ಕೆ ಎಂದರೆ ‘ಇದ್ದ ಹಾಗೇ ಇರಲಿ’. ಅವರು ಕರಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಆದರೆ ಒಂದು ತಪ್ಪಾಗಿದೆ. ಬಂದವರು ಹಿರಿಯರು. ಅವರ ಬೂಟನ್ನೇ ನೋಡಿಕೊಂಡು ವಾದ ಮಾಡಲು ನನಗೆ ಬರುವುದಿಲ್ಲ. ಎದ್ದು ಕೂತೆ. ಎದ್ದು ಕೂತು, ತಲೆ ಎತ್ತಿ, ಎಪ್ಪತ್ತು ನಿಮಿಷ ವಾದ ಮಾಡಿದೆ.

ಸೈಟಿನಿಂದ ಮೇಸ್ತ್ರಿ ಬರುವಷ್ಟರಲ್ಲಿ ಅವರು ಹೊರಡುತ್ತಿದ್ದರು. ಅವರು ಮೆಟ್ಟಿಲಿಳಿಯುವವರೆಗೆ ಅವಳು ತಾಳಿಕೊಂಡಳು.

“ಈಗ ತಾನೇ ಹಾಕಿದ ಟೈಲ್ ಮೇಲೆ ಯಾರಾದ್ರೂ ಕಾಲಿಟ್ರೆ ನಾನು ಸುಮ್ನಿರ್ತೀನಾ? ಮನೆ ಯಜಮಾನ ಆದ್ರೂ ಬಿಡಲ್ಲ. ನೀವು ನಿಮ್ಮ ಕಣ್ಣಿನ ಮೇಲೇ ನಡೆದುಬಿಟ್ರಲ್ಲ ಅಕ್ಕ! ಒಂದು ಪದಕ್ಕೋಸ್ಕರ!”

“ಪದ ಅಂದ್ರೆ…”

“ಪದ ಓದೋಕೆ ಕಣ್ಣು ಬೇಡ್ವಾ? ಒಬ್ಬರನ್ನ ಕಳ್ಕೊಂಡಿದ್ದೀನಿ. ನಿಮ್ಮ ಕಣ್ಣನ್ನೂ ಕಳ್ಕೊಂಡು ಈ ಮನೇಲಿ ಕೂತಿರೋಕೆ ನನ್ನ ಕೈಲಾಗಲ್ಲ.”

ಅವಳು ಅಳುತ್ತಿದ್ದಳು. ನಾನು ಬೋರಲಾದೆ.

ಮಾರ್ಚ್ ೧೦

ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು. ಗುಳ್ಳೆ ಅಡ್ಡ ಇದೆ, ಈಗಲೇ ಹೇಳಲಾಗದು ಎಂದರು. ಇನ್ನೂ ನಾಲ್ಕು ದಿನ ಹೆಚ್ಚಿಗೆ ಬೋರಲು.

ಹೆದರಿದ್ದೇನೆ.

ಮಾರ್ಚ್ ೧೨

ಇವತ್ತಿನದನ್ನು ಪೂರ್ತಿ ಬರೆಯಬೇಕು, ಪುಟ ಎಷ್ಟಾದರೂ ಆಗಲಿ.

ಕತ್ತಿಗೆ ಆರಾಮವಾಗಲೆಂದು ಮೇಸ್ತ್ರಿ ಬೆಳಿಗ್ಗೆ ಮಂಚವನ್ನು ತಿರುಗಿಸಿ ಹಾಕಿ ಕೆಲಸಕ್ಕೆ ಹೋದಳು. ಕಾಲಿದ್ದ ಕಡೆ ತಲೆ ಬಂತು, ಚೌಕಟ್ಟಿನ ತೂತಿನಲ್ಲಿ ಬೇರೆ ನೆಲ ಬಂತು. ಕಿಟಕಿಯ ಬದಿಯ ನೆಲ. ಅದನ್ನು ಹಾಕಿದವನು ತಮ್ಮ, ಹನ್ನೊಂದು ವರ್ಷದ ಹಿಂದೆ. ಒಂದೊಂದು ಟೈಲಿನ ಒಂದು ಮೂಲೆಯಲ್ಲಿ ನೀಲಿ ಎಸಳು. ನಾಲ್ಕು ಟೈಲ್ ಸೇರಿದರೆ ಒಂದು ಹೂ. ನೋಡಲು ಬೇರೇನೂ ಇಲ್ಲ, ಹೂಗಳನ್ನು ಎಣಿಸುತ್ತ ಹೋದೆ. ಸರಿಯಾಗಿ ನನ್ನ ಮೂಗಿನ ಕೆಳಗಿನ ಹೂವಿಗೆ ಮೂರೇ ಎಸಳು. ನಾಲ್ಕನೆಯ ಟೈಲು ತಿರುಗಿ ಕೂತಿದೆ, ಅದರ ಎಸಳು ಹೂವಿಗೆ ಬೆನ್ನು ಹಾಕಿ ಗೋಡೆಯ ಕಡೆ ನೋಡುತ್ತಿದೆ.

ತಪ್ಪು ಸಿಕ್ಕಾಗ ನನಗೆ ಆಗುವ ಖುಷಿಯೇ ಬೇರೆ. ಸೋಮಾರಿ ಕಣ್ಣಿಗೂ ಸಿಕ್ಕಿತಲ್ಲ! ಮಧ್ಯಾಹ್ನ ಅವಳು ಬಾಗಿಲು ತೆರೆದ ಸದ್ದಾದ ಕೂಡಲೇ ಕೂಗಿದೆ.

“ಮೇಸ್ತ್ರಿ! ನಿನ್ನ ಗಂಡನ ಕೆಲಸದಲ್ಲಿ ತಪ್ಪಿದೆ!”

ಅವಳು ಬಂದಳು. ಮಂಚದ ಪಕ್ಕ ನೆಲದ ಮೇಲೆ ಕೂತಳು. ನನ್ನ ಬೆರಳು ಎಲ್ಲಿತ್ತೆಂದು ನೋಡಿದಳು.

“ಸಿಕ್ತಾ ಅಕ್ಕ?” ಎಂದಳು. “ಹನ್ನೊಂದು ವರ್ಷ ಬೇಕಾಯ್ತಾ?”

ತಮ್ಮ ಅದನ್ನು ಬೇಕೆಂದೇ ತಿರುಗಿಸಿ ಹಾಕಿದ್ದನಂತೆ. ‘ಅಕ್ಕ ಲೋಕದ ತಪ್ಪೆಲ್ಲ ಹುಡುಕ್ತಾಳೆ, ಇದನ್ನ ಹುಡುಕಲಿ ನೋಡೋಣ, ವಾರದೊಳಗೆ ಬಂದು ಬೈದಿಲ್ಲ ಅಂದ್ರೆ ಕೇಳು’ ಎಂದಿದ್ದನಂತೆ. ವಾರ ಕಳೆಯಿತು. ತಿಂಗಳು ಕಳೆಯಿತು. ವರ್ಷ ಕಳೆದ ಮೇಲೂ ಸಂಜೆ ಕೆಲಸದಿಂದ ಬಂದವನೇ ‘ಅಕ್ಕ ಏನಾದ್ರೂ ಅಂದ್ಲಾ?’ ಎಂದು ಹೆಂಡತಿಯನ್ನು ಕೇಳುತ್ತಿದ್ದನಂತೆ. ತಾನೇ ಹೇಳಿಬಿಟ್ಟರೆ ಮಜಾ ಹೋಗುತ್ತದೆಂದು ಅವಳಿಂದಲೂ ಆಣೆ ಹಾಕಿಸಿಕೊಂಡಿದ್ದ.

ನನಗೆ ನೆನಪಾಯಿತು. ಎಷ್ಟು ಸಲ ಅವನು ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತು ‘ನೆಲ ಹೇಗಿದೆ ಅಕ್ಕ?’ ಎಂದಿದ್ದ. ‘ಚೆನ್ನಾಗಿದೆ’ ಎಂದಿದ್ದೆ, ಪ್ರತಿ ಸಲವೂ, ಕರಡಿನಿಂದ ತಲೆ ಎತ್ತದೆ. ನೆಲ ನೋಡಲು ತಲೆ ಎತ್ತುವುದೂ ಬೇಕಿರಲಿಲ್ಲ.

“ಆ ದಿನ,” ಎಂದಳು ಅವಳು, “ಅವರನ್ನ ಇಲ್ಲಿ ಮಲಗಿಸಿದ್ದಾಗ, ನೀವು ಕಣ್ಣೀರೂ ಹಾಕದೆ ಸೆಟೆದು ನಿಂತಿದ್ರಿ. ಎಲ್ಲಿ ನಿಂತಿದ್ರಿ ಗೊತ್ತಾ? ಸರಿಯಾಗಿ ಈ ಟೈಲ್ ಮೇಲೆ. ಎರಡೂ ಪಾದ. ನಂಗೆ ಅವರು ಪಕ್ಕದಲ್ಲಿ ಕೂತು ‘ನೋಡೇ, ಈಗ್ಲೂ ಕಾಣ್ಲಿಲ್ಲ ಇವಳಿಗೆ’ ಅಂದಂಗಾಯ್ತು. ನಕ್ಕುಬಿಟ್ಟೆ ಅಕ್ಕ. ಆಮೇಲಿಂದ ನಿಮ್ಮ ಮುಖ ನೋಡೋಕಾಗ್ಲಿಲ್ಲ. ಹೇಳೋಣ ಅಂದ್ರೆ ಆಣೆ.”

ಹದಿನಾಲ್ಕು ತಿಂಗಳು. ನನಗೆ ನಾಚಿಕೆಯಾಯಿತು. ಏನಾದರೂ ಹೇಳಲೇಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿದೆ.

“ಹನ್ನೊಂದು ವರ್ಷಕ್ಕೆ ಒಂದು ತಪ್ಪು ಸಿಕ್ತು. ತಿದ್ದಿಸೋಣ ಅಂದ್ರೆ ಬರೆದೋನೇ ಇಲ್ಲ.”

ಅವಳು ಶುರು ಮಾಡಿದಳು. ಆ ಸದ್ದು ನಗುವೋ ಅಳುವೋ ಹೇಳುವುದು ಕಷ್ಟ. ಮಂಚ ಅಲುಗಿತು, ಚೌಕಟ್ಟು ಕಿರುಗುಟ್ಟಿತು, ಅದು ಅವಳಿಂದಲ್ಲ, ಅವಳು ನೆಲದ ಮೇಲಿದ್ದಳು. ತಿರುಗಿದ ಟೈಲಿನ ಮೇಲೆ ನನ್ನ ಎರಡೂ ಕಣ್ಣಿಂದ ತೊಟ್ಟಿಕ್ಕುತ್ತಿತ್ತು. ಡಾಕ್ಟರಮ್ಮನನ್ನು ಕೇಳಬೇಕು: ಕಣ್ಣಿಗೆ ತುಂಬಿಕೊಳ್ಳಬೇಕಾದ ನೀರು ಹೀಗೆ ಹೊರಗೆ ಖರ್ಚಾದರೆ ತೊಂದರೆಯೇನು.

“ಕಿತ್ತು ತಿರುಗಿಸಿ ಹಾಕ್ಲಾ ಅಕ್ಕ?” ಎಂದಳು ಮುಖ ಒರೆಸಿಕೊಂಡು. “ಅರ್ಧ ಗಂಟೆ ಕೆಲಸ.”

“ಕಣ್ಣು ಬರಲಿ, ನೋಡಿ ಹೇಳ್ತೀನಿ.”

ಮಾರ್ಚ್ ೧೩

ಕಣ್ಣೀರು ಬೇರೆ ಕಡೆಯಿಂದ ಬರುತ್ತದಂತೆ, ಒಳಗಿನ ದಾಸ್ತಾನಿಗೆ ಧಕ್ಕೆಯಿಲ್ಲವಂತೆ. ಡಾಕ್ಟರಮ್ಮ ಫೋನಿನಲ್ಲಿ ಬಹಳ ಹೊತ್ತು ನಕ್ಕರು. ನಾನು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ.

ಮಾರ್ಚ್ ೧೭

ತಲೆ ಎತ್ತಲು ಅನುಮತಿ ಸಿಕ್ಕಿತು. ಮೇಸ್ತ್ರಿಯ ಮುಖವನ್ನು ಹದಿನೈದು ದಿನದ ಮೇಲೆ ಸಾವಕಾಶವಾಗಿ ನೋಡಿದೆ, ಎಡಗಣ್ಣಿನಿಂದ. ಬಡವಾಗಿದ್ದಾಳೆ. ಹಾಗಂದೆ. “ನಿಮ್ಮ ಹಣೆ ಮೇಲೆ ಪ್ಲೈವುಡ್ ಕಂಪನಿ ಹೆಸರು ಮೂಡಿದೆ,” ಎಂದಳು.

ಬಲಗಣ್ಣಿನಲ್ಲಿ ಮಬ್ಬು ಗುಳ್ಳೆ ಬಿಟ್ಟು ಬೇರೇನಿಲ್ಲ. ಮೇಲ್ಗಡೆ ಮಾತ್ರ ಉಗುರಿನಷ್ಟು ಬೆಳಕಿನ ಪಟ್ಟಿ. ಕಣ್ಣೊಳಗೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಮೇಲಿರುವ ಗುಳ್ಳೆ ಕೆಳಗೆ ಕಾಣುತ್ತದಂತೆ. ಗುಳ್ಳೆ ಕರಗುತ್ತ ಬಂದ ಹಾಗೆ ಬೆಳಕು ಕೆಳಕ್ಕಿಳಿಯುತ್ತದಂತೆ.

ಮಾರ್ಚ್ ೨೪

ಬೆಳಕಿಗೂ ಗುಳ್ಳೆಗೂ ನಡುವಿನ ಗೆರೆ ಅರ್ಧಕ್ಕೆ ಬಂದಿದೆ. ತಲೆ ಹೇಗೆ ವಾಲಿಸಿದರೂ ರಸಮಟ್ಟದ ನೀರಿನ ಹಾಗೆ ಅದು ಮಟ್ಟವಾಗಿಯೇ ನಿಲ್ಲುತ್ತದೆ. ಮೇಸ್ತ್ರಿ ಕಪಾಟಿನ ಹಲಗೆ ಬಡಿಯುತ್ತಿದ್ದಳು. “ಎಡಗಡೆ ಒಂದು ನೂಲು ಎತ್ತು,” ಎಂದೆ ಕೂತಲ್ಲಿಂದಲೇ, ಹಲಗೆಯನ್ನು ಗೆರೆಗೆ ಹೋಲಿಸಿ. ರಸಮಟ್ಟ ಇಟ್ಟು ನೋಡಿದಳು. ಒಂದು ನೂಲೇ, ಅಂದರೆ ಅಂಗುಲದ ಎಂಟನೆಯ ಒಂದು ಪಾಲು, ಎತ್ತಬೇಕಿತ್ತು. ಸೈಟಿಗೆ ಬರ್ತೀರಾ, ಕೂಲಿ ಕೊಡ್ತೀನಿ ಎಂದಳು. ನಿಘಂಟು ಮುಗಿದ ಮೇಲೆ ಯೋಚಿಸುತ್ತೇನೆ ಎಂದೆ.

ಗೆರೆಯ ಮೇಲ್ಭಾಗದಲ್ಲಿ ಲೋಕ ಇದೆ. ಆದರೆ ಅಕ್ಷರ ಇದೆಯೋ ಇಲ್ಲವೋ ಗೊತ್ತಿಲ್ಲ. ಓದಿ ನೋಡಲು ಧೈರ್ಯ ಬಂದಿಲ್ಲ. ಮೂರನೆಯ ಅರ್ಥಕ್ಕೂ ಇನ್ನೂ ಚೀಟಿ ಬಂದಿಲ್ಲ.

ಏಪ್ರಿಲ್ ೪

ಗುಳ್ಳೆ ಮೊನ್ನೆ ಸಾಸಿವೆಯಷ್ಟಾಗಿ ಹೋಯಿತು. ಇವತ್ತು ಪರೀಕ್ಷೆ. ತೂತು ಮುಚ್ಚಿದೆ ಎಂದರು ಡಾಕ್ಟರಮ್ಮ. ಓದಲು ಎಷ್ಟು ಬರುತ್ತದೆ ಎಂಬುದನ್ನು ಓದಿಯೇ ತಿಳಿಯಬೇಕಂತೆ. ಗೋಡೆಯ ಮೇಲಿನ ಅವರ ಬಿಡಿ ಅಕ್ಷರಗಳನ್ನು ನಾನು ಪರೀಕ್ಷೆಯೆಂದು ಒಪ್ಪುವುದಿಲ್ಲ. ಮನೆಗೆ ಬಂದು ನನ್ನ ಮೇಜಿಗೆ ಕೂತೆ, ಎಡಗಣ್ಣನ್ನು ಅಂಗೈಯಿಂದ ಮುಚ್ಚಿದೆ, ಡಬ್ಬದ ಮುಚ್ಚಳ ತೆಗೆದು ಮೊದಲ ಚೀಟಿಯನ್ನು ಎತ್ತಿಕೊಂಡೆ.

ಅದು ನಾನು ಕಂಡ ಚೀಟಿಯಲ್ಲ. ಪೆನ್ಸಿಲ್ ಬರಹ, ಅಕ್ಷರಗಳು ಟೈಲುಗಳ ಹಾಗೆ ಚೌಕ ಚೌಕ. ಸಾಲುಗಳು ನಡುವೆ ಸ್ವಲ್ಪ ಜಗ್ಗಿದಂತೆ ಕಂಡವು, ಆದರೆ ಒಂದು ಪದವೂ ಮಾಯವಾಗಲಿಲ್ಲ. ಓದಿದೆ.

‘ಅರ್ಥ ೩. ಹನ್ನೊಂದು ವರ್ಷಕ್ಕೆ ಒಂ‌ದು ತಪ್ಪು ಸಿಕ್ತು. ತಿದ್ದಿಸೋಣ ಅಂದ್ರೆ ಬರೆದೋನೇ ಇಲ್ಲ. — ಯಾರು: ಅಕ್ಕ. ಎಲ್ಲಿ: ಮನೆ, ಕಿಟಕಿ ಪಕ್ಕ, ಬೋರಲು ಮಲಗಿ. ಯಾವಾಗ: ಮಾರ್ಚ್ ೧೨, ಕಣ್ಣು ಬರುತ್ತೋ ಇಲ್ವೋ ಗೊತ್ತಿಲ್ಲದ ದಿನ.’

ಎರಡನೆಯ ಸಲ ಓದಿದೆ, ಕಣ್ಣಿನ ಪರೀಕ್ಷೆಗೆಂದು. ಮೂರನೆಯ ಸಲ ಓದಿದ್ದಕ್ಕೆ ಕಾರಣ ಕೊಡಬೇಕಾಗಿಲ್ಲ.

ಸಂಪಾದಕರು ವಾಕ್ಯ ಕಟ್ಟಬಾರದು ಎಂಬ ನಿಯಮ ಹಾಗೇ ಇದೆ. ನಾನು ಕಟ್ಟಲಿಲ್ಲ, ಬಾಯಿಗೆ ಬಂತು. ಬರೆದುಕೊಂಡವಳು ಬೇರೆಯವಳು. ಯಾರು, ಎಲ್ಲಿ, ಯಾವಾಗ, ಮೂರೂ ಸರಿಯಾಗಿವೆ. ಚೀಟಿಯ ಮೂಲೆಯಲ್ಲಿ ‘ಸ್ವೀಕೃತ’ ಎಂದು ಬರೆದು ಸಹಿ ಹಾಕಿದೆ. ನಾಳೆ ಅಚ್ಚಿಗೆ.

ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಉಳಿ, ಸುತ್ತಿಗೆ.

“ಓದೋಕೆ ಬಂತಾ ಅಕ್ಕ?”

“ಬಂತು.”

“ಹಾಗಾದ್ರೆ ಹೇಳಿ. ಆ ಟೈಲ್ ಕಿತ್ತು ಸರಿ ಮಾಡ್ಲಾ?”

ನಾನು ಕೆಂಪು ಪೆನ್ಸಿಲ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಮಂಡಿಯೂರಿ ಕೂತೆ. ತಿರುಗಿದ ಟೈಲಿನ ಕೆಳಗೆ, ಅಂಚಿನ ಉದ್ದಕ್ಕೂ, ಐದು ಚುಕ್ಕೆ ಇಟ್ಟೆ. ಅವಳು ಬಂದು ಪಕ್ಕದಲ್ಲಿ ಕೂತು, ಸುತ್ತಿಗೆ ಕೆಳಗಿಟ್ಟು, ಅವನ್ನೇ ನೋಡಿದಳು. ಆ ದಿನ ಕರಡಿನಲ್ಲಿ ನಾನಿಟ್ಟ ಚುಕ್ಕೆಗಳ ಕಥೆ ಅವಳಿಗೆ ಗೊತ್ತು.

“ಸಾಲು ನೆಟ್ಟಗಿದೆ,” ಎಂದಳು ಆಮೇಲೆ.

“ಇಲ್ಲ,” ಎಂದೆ. “ನಾಲ್ಕನೇದು ಒಂದು ಕೂದಲೆಳೆ ಕೆಳಗಿದೆ.”

ಅವಳು ರಸಮಟ್ಟ ತಂದು ಚುಕ್ಕೆಗಳಿಗೆ ತಾಗಿಸಿ ಹಿಡಿದಳು. ಕೂದಲೆಳೆಯಷ್ಟು ಕೆಳಗೇ ಇತ್ತು. ಅದನ್ನು ಕಂಡುಹಿಡಿದದ್ದು ನನ್ನ ಬಲಗಣ್ಣು.